ಹಾಸಿಗೆಯಿಂದ ಕುರ್ಚಿಗೆ

ಮಾರ್ಚ್ ೪, ಸೋಮವಾರ

ಇವತ್ತು ಹೆಂಡತಿಯನ್ನು ಕೆಳಗೆ ಹಾಕಿದೆ.

ಹಾಸಿಗೆಯಿಂದ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸೋದು, ಅಷ್ಟೇ ಕೆಲಸ. ಎರಡರ ನಡುವೆ ಒಂದು ಮೊಳ ಜಾಗವೂ ಇಲ್ಲ. ಆಸ್ಪತ್ರೆಯಲ್ಲಿ ಆಯಾಗಳು ಅವರವರ ಮನೆ ಸುದ್ದಿ ಮಾತಾಡಿಕೊಂಡೇ ಎತ್ತಿ ಕೂರಿಸುತ್ತಿದ್ದರು. ನೋಡಿದವರಿಗೆ ಇದೇನು ಮಹಾ ಅನ್ನಿಸಬೇಕು, ಹಾಗೆ. ನಾನು ಕಂಕುಳ ಕೆಳಗೆ ಕೈ ಹಾಕಿ ಎತ್ತಿದೆ, ಅರ್ಧ ಬಂದಳು, ನನ್ನ ಸೊಂಟದಲ್ಲಿ ಚಳಕ್ ಅಂತು, ಇಬ್ಬರೂ ನೆಲಕ್ಕೆ. ಪುಣ್ಯಕ್ಕೆ ನಾನು ಕೆಳಗೆ, ಅವಳು ಮೇಲೆ. ಇಷ್ಟು ವರ್ಷ ಹೊಲಿಗೆ ಮಿಷನ್ ಮುಂದೆ ಕೂತು ಬೆಳೆಸಿದ ಹೊಟ್ಟೆ ಮೊದಲ ಸಲ ಒಂದು ಉಪಯೋಗಕ್ಕೆ ಬಂತು.

ಅತ್ತೆ ಅಡುಗೆಮನೆಯಿಂದ ಓಡಿ ಬಂದು ಬಾಯಿ ಬಾಯಿ ಬಡಿದುಕೊಂಡರು. ಇವಳು ನನ್ನ ಹೊಟ್ಟೆ ಮೇಲೆ ಮಲಗಿಕೊಂಡೇ, "ಸುಮ್ಮನಿರಮ್ಮ, ನನಗೇನೂ ಆಗಿಲ್ಲ. ಇವರಿಗೆ ಉಸಿರು ಆಡ್ತಿದೆಯಾ ನೋಡು" ಅಂದಳು.

ಕೊನೆಗೆ ಅತ್ತೆ ಹೋಗಿ ನನ್ನ ಅಂಗಡಿ ಪಕ್ಕದ ವೆಲ್ಡರನ್ನು ಕರೆದುಕೊಂಡು ಬಂದರು. ಅವನು ಒಂದೇ ಸಲಕ್ಕೆ ಎತ್ತಿ ಕುರ್ಚಿಯಲ್ಲಿ ಕೂರಿಸಿ, ಚಹಾನೂ ಬೇಡ ಅಂತ ಹೊರಟುಹೋದ. ಒಳ್ಳೆಯವನು. ಆದರೂ ನನ್ನ ಹೆಂಡತಿಯನ್ನು ಎತ್ತೋಕೆ ಬೇರೆಯವನು ಬರಬೇಕಾಯಿತಲ್ಲ. ಕೆಲವು ತಿಂಗಳ ಹಿಂದೆ ಅವಳು ಸ್ಕೂಟರ್ ನಿಲ್ಲಿಸಿಕೊಂಡಿದ್ದಾಗ ಒಂದು ವ್ಯಾನು ಹಿಂದಕ್ಕೆ ಬಂದು ಗುದ್ದಿತ್ತು. ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ ಅಂತ ಡಾಕ್ಟರು ಹೇಳಿದ ದಿನವೂ ನಾನು ಇಷ್ಟು ಚಿಕ್ಕವನಾಗಿರಲಿಲ್ಲ.

ಮಾರ್ಚ್ ೬, ಬುಧವಾರ

ಫಿಸಿಯೋ ಹುಡುಗಿ ಬಂದಿದ್ದಳು. ಸಣ್ಣಗೆ ಕಡ್ಡಿ ಹಾಗಿದ್ದಾಳೆ, ಮಾತು ಮಾತ್ರ ಕತ್ತರಿ. ನಾನು ಬಿದ್ದ ಕತೆ ಕೇಳಿ ನಗಲಿಲ್ಲ.

"ಸರ್, ನೀವು ಎತ್ತೋದೇ ಬೇಡ. ಮೇಡಂ ತೋಳು ಚೆನ್ನಾಗಿದೆ. ಅವರೇ ಕೈ ಊರಿ ಮೈ ಎತ್ತಬೇಕು, ಹಲಗೆ ಮೇಲೆ ಜರುಗಬೇಕು, ಕುರ್ಚಿಗೆ ಹೋಗಬೇಕು. ನೀವು ಪಕ್ಕದಲ್ಲಿ ನಿಂತಿರಿ, ಸಾಕು."

ನುಣುಪಾದ ಮರದ ಹಲಗೆ ಒಂದನ್ನು ಕೊಟ್ಟು ಹೋದಳು. ಒಂದು ತುದಿ ಹಾಸಿಗೆ ಮೇಲೆ, ಇನ್ನೊಂದು ಕುರ್ಚಿ ಮೇಲೆ, ನಡುವೆ ಸೇತುವೆ.

ಮಧ್ಯಾಹ್ನ ಹೆಡ್‌ಮಿಸ್ ಫೋನ್ ಮಾಡಿದರು. ಇವಳು ಆ ಶಾಲೆಯಲ್ಲಿ ವ್ಯಾಯಾಮದ ಟೀಚರು. ಅವಳ ಕೈಯಲ್ಲಿ ಓಟ ಕಲಿತ ಹುಡುಗಿಯರಿಗೆ ಈಗ ಅವರದೇ ಹುಡುಗಿಯರಿದ್ದಾರೆ. ಕುರ್ಚಿಯಲ್ಲಿ ಕೂತೇ ಮೈದಾನದಲ್ಲಿ ಹೇಳಿಕೊಡಲಿ, ನಮಗೆ ಅಭ್ಯಂತರ ಇಲ್ಲ ಅಂದರಂತೆ. ಒಂದೇ ಷರತ್ತು: ಕುರ್ಚಿಯಿಂದ ಶೌಚಾಲಯಕ್ಕೆ, ಅಲ್ಲಿಂದ ಕುರ್ಚಿಗೆ ಯಾರ ಸಹಾಯವೂ ಇಲ್ಲದೆ ಹೋಗಿ ಬರಬೇಕು, ಶಾಲೆಯಲ್ಲಿ ಎತ್ತೋರು ಯಾರೂ ಇಲ್ಲ. ಬೇಸಿಗೆ ರಜೆ ಮುಗಿಯುವ ಮೊದಲು ಮನೆಗೇ ಬಂದು ನೋಡುತ್ತಾರಂತೆ, ಹಾಸಿಗೆಯಿಂದ ಕುರ್ಚಿಗೆ ದಾಟಿ ತೋರಿಸಿದರೆ ಸಾಕಂತೆ.

"ಅಷ್ಟೇ ತಾನೇ ಮೇಡಂ? ಮಾಡಿ ತೋರಿಸ್ತೀನಿ" ಅಂದಳು. ಫೋನ್ ಇಟ್ಟ ಮೇಲೆ ಅವಳ ಮುಖದಲ್ಲಿ ಬಂದ ಕಳೆ ನೋಡಿ ಎಷ್ಟು ದಿನವಾಗಿತ್ತೋ. ನನಗೂ ಹುರುಪು ಬಂತು. ನನಗೂ ಏನಾದರೂ ಹೇಳಿಕೊಡು, ಗಟ್ಟಿಯಾಗಬೇಕು ಅಂದೆ.

"ಏನು ಹೇಳಿಕೊಡಲಿ?"

"ಬಾರಿಗೆ ನೇತುಬಿದ್ದು ಮೇಲಕ್ಕೆ ಹೋಗ್ತಾರಲ್ಲ, ಅದು."

"ಪುಲ್‌ಅಪ್ಪಾ? ಮೊದಲು ಬಗ್ಗಿ ನಿಮ್ಮ ಚಪ್ಪಲಿ ನೀವೇ ಹಾಕ್ಕೊಳ್ಳಿ ನೋಡೋಣ." ಕಣ್ಣಲ್ಲಿ ನೀರು ಬರೋವರೆಗೂ ನಕ್ಕಳು. ಆಮೇಲೆ ಟೀಚರ್ ಗತ್ತಿನಲ್ಲಿ, ಅಭ್ಯಾಸ ಮಾಡೋರು ದಿನಾ ಬರೆದಿಡಬೇಕು ಅಂತ ಆಜ್ಞೆ ಮಾಡಿದಳು. ಅದಕ್ಕೇ ಇದು, ಸೋಮವಾರದ್ದನ್ನೂ ನೆನಪಿಸಿಕೊಂಡು ಮೊದಲಿಗೆ ಬರೆದಿಟ್ಟೆ. ಅವಳು ಇದನ್ನು ಓದುವುದಿಲ್ಲ ಅಂತ ಮಾತು ಕೊಟ್ಟಿದ್ದಾಳೆ.

ಮಾರ್ಚ್ ೧೧, ಸೋಮವಾರ

ವೆಲ್ಡರು ಬಂದು ಒಳಕೋಣೆ ಎದುರಿನ ಓಣಿಯಂಥ ಇಕ್ಕಟ್ಟು ನಡುಹಾದಿಯಲ್ಲಿ ಎರಡು ಗೋಡೆಗೂ ಸೇರಿಸಿ ಒಂದು ಕಬ್ಬಿಣದ ಪೈಪು ಕೂರಿಸಿ ಹೋದ. ಹಾಸಿಗೆಯಿಂದ ಅವಳಿಗೆ ಪೂರ್ತಿ ಕಾಣುತ್ತದೆ, ತಪ್ಪಿಸಿಕೊಳ್ಳೋ ಹಾಗಿಲ್ಲ.

ಪೈಪು ಹಿಡಿದು ನೇತುಬಿದ್ದೆ. ನೇತುಬಿದ್ದೆ ಅನ್ನೋದಕ್ಕಿಂತ ಹಿಡಿದೆ, ಬಿಟ್ಟೆ ಅನ್ನೋದೇ ಸರಿ. ಅಂಗೈ ಉರಿ, ಹೆಗಲು ಕಿವಿ ಹತ್ತಿರ ಬಂದುಬಿಟ್ಟಿತ್ತು.

"ಇವತ್ತಿಗೆ ಬಾರ್ ಸಾಕು. ಗೋಡೆ ತಳ್ಳಿ" ಅಂದಳು. ಗೋಡೆಗೆ ಕೈ ಇಟ್ಟು ದಂಡ ಹೊಡೆದೆ. ಕುರ್ಚಿ ಹಿಡಿದು ಬಸ್ಕಿ. ಎದ್ದಾಗಲೆಲ್ಲ ಮಂಡಿಯಲ್ಲಿ ಹಳೇ ಬಾಗಿಲಿನ ಸದ್ದು. ಅತ್ತೆ ಸೊಪ್ಪು ಬಿಡಿಸುತ್ತಾ ಕೂತು ನೋಡುತ್ತಿದ್ದರು, ಎದ್ದು ಹೋಗಲಿಲ್ಲ.

ಆಮೇಲೆ ಅವಳ ಸರದಿ. ಹಾಸಿಗೆಯಲ್ಲಿ ಕೂತು, ಸೊಂಟದ ಎರಡೂ ಬದಿಗೆ ಕೈ ಊರಿ, ಮೈ ಎತ್ತಿದಳು. ಹಾಸಿಗೆಗೂ ಅವಳಿಗೂ ನಡುವೆ ಆಚೆಯ ಕಿಟಕಿ ಬೆಳಕು ಕಾಣಿಸಿತು. ಹಾಗೇ ಹಿಡಿದುಕೊಂಡು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಹಲಗೆ ಮೇಲೆ ಅರ್ಧದವರೆಗೂ ಜರುಗಿ, ಸುಸ್ತಾಗಿ ವಾಪಸ್ ಬಂದಳು.

ಇವಳಿಗೆ ಏನು ಕಷ್ಟ? ಇನ್ನೊಂದು ವಾರದಲ್ಲಿ ದಾಟುತ್ತಾಳೆ. ನನ್ನದೇ ಚಿಂತೆ.

ಮಾರ್ಚ್ ೧೯, ಮಂಗಳವಾರ

ಇವತ್ತು ಹಲಗೆಯ ಮುಕ್ಕಾಲು ಭಾಗ ಹೋಗಿದ್ದಳು. ಅಲ್ಲಿ ಸಿಕ್ಕಿಕೊಂಡಳು. ತೋಳು ಗಡಗಡ ನಡುಗುತ್ತಿತ್ತು, ಮುಖ ಕೆಂಪಗೆ, ಗಂಟಲಿನಿಂದ ಎಂಥದೋ ಸದ್ದು. ನನಗೆ ನೋಡಲಾಗಲಿಲ್ಲ. ಬೆನ್ನ ಹಿಂದೆ ಕೈ ಹಾಕಿ ಕುರ್ಚಿಗೆ ದೂಡಿಬಿಟ್ಟೆ.

"ಬೇಡ ಅಂದೆ ತಾನೇ?" ಅಂದಳು.

ಅಂದಿದ್ದಳು, ನಿಜ. ಬೇಡ ಅಂದ ತಕ್ಷಣ ಬಿಡೋಕಾಗುತ್ತಾ? ಕಣ್ಣೆದುರು ಕಟ್ಟಿಕೊಂಡವಳು ಒದ್ದಾಡುತ್ತಿರುವಾಗ ಕೈ ಕಟ್ಟಿ ನಿಲ್ಲೋಕೆ ನಾನೇನು ಕಲ್ಲೇ? ಅತ್ತೆ ನನ್ನ ಪರ. "ಅಳಿಯಂದಿರು ಇಲ್ಲದಿದ್ದರೆ ನಿನ್ನ ಗತಿ ಏನಾಗ್ತಿತ್ತು, ಹೇಳು" ಅಂದರು.

ಮಾರ್ಚ್ ೨೮, ಗುರುವಾರ

ಮೇಜಿನ ಕೆಳಗೆ ಮಲಗಿ, ಅಂಚು ಹಿಡಿದು, ಎದೆಯನ್ನು ಮೇಲಕ್ಕೆ ಎಳೆದುಕೊಳ್ಳಬೇಕು. ಪುಲ್‌ಅಪ್ಪಿಗೆ ಮೊದಲು ಇದು ಅಂತೆ. ಬೆನ್ನು ಗಟ್ಟಿಯಾಗುತ್ತೆ ಅಂತೆ. ನನ್ನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮೇಜು ಗಟ್ಟಿಮುಟ್ಟು, ಮಧ್ಯಾಹ್ನ ಗಿರಾಕಿ ಇಲ್ಲದಾಗ ಅದರ ಕೆಳಗೆ ಸೇರಿಕೊಂಡೆ. ಅಷ್ಟರಲ್ಲಿ ಬ್ಯಾಂಕಿನ ಕ್ಯಾಷಿಯರು ಪ್ಯಾಂಟ್ ತೆಗೆದುಕೊಂಡು ಹೋಗೋಕೆ ಬಂದರು. ಅವರಿಗೆ ಕಂಡಿದ್ದು ಮೇಜಿನ ಕೆಳಗಿನಿಂದ ಚಾಚಿಕೊಂಡ ಎರಡು ಕಾಲು, ಜೊತೆಗೆ ನರಳೋ ಸದ್ದು. ಪಾಪ, ಬೀದಿಗೆ ಓಡಿ ವೆಲ್ಡರನ್ನು ಕರೆದರು. ಅವನು ಬಗ್ಗಿ ನೋಡಿ, "ಏನಿಲ್ಲ ಸಾರ್, ಟೈಲರು ಮೈ ಬೆಳೆಸ್ತಿದ್ದಾರೆ" ಅಂದ.

ಮನೆಗೆ ಬಂದು ಹೇಳಿದೆ, ನಕ್ಕಳು. ಆಮೇಲೆ ಬಾರಿನಲ್ಲಿ ನೇತುಬಿದ್ದೆ. ಈಗ ಸುಮಾರು ಹೊತ್ತು ಇರುತ್ತೇನೆ. ಮೈ ಸ್ವಲ್ಪ ಮೇಲಕ್ಕೂ ಹೋಗುತ್ತದೆ, ಮೊಣಕೈ ಮಡಚಿದಲ್ಲಿಗೆ ನಿಲ್ಲುತ್ತದೆ. ಅತ್ತೆ ಎದ್ದು ಬಂದು, "ತಾಳಿ, ಕಾಲು ಹಿಡಿದು ತಳ್ತೀನಿ" ಅಂದರು. ಒಳಗಿನಿಂದ ಇವಳು ಗದರಿದಳು: "ಅಮ್ಮಾ, ಮುಟ್ಟಬೇಡ. ಅವರೇ ಹೋಗ್ಲಿ."

ಎಂಥ ಕಟುಕಿ ಅಂತ ಬೈದುಕೊಂಡೇ ಇನ್ನೊಂದು ಸಲ ಎಳೆದೆ. ಇನ್ನೂ ಒಂದಿಷ್ಟು ಮೇಲೆ ಹೋದೆ.

ಅವಳು ಇವತ್ತು ಹಲಗೆ ಹತ್ತಲಿಲ್ಲ. ಮೈ ಕೈ ನೋವು ಅಂದಳು. ಸರಿ, ಒಂದು ದಿನ ತಾನೇ ಅಂತ ನಾನೂ ಒತ್ತಾಯ ಮಾಡಲಿಲ್ಲ.

ಏಪ್ರಿಲ್ ೫, ಶುಕ್ರವಾರ

ಎತ್ತಿದೆ! ನಾನೊಬ್ಬನೇ.

ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗೆ ಇಟ್ಟು, ಮೈಗೆ ಹತ್ತಿರ ಹಿಡಿದು. ಎಲ್ಲಾ ಅವಳೇ ಹೇಳಿಕೊಟ್ಟಿದ್ದು. ಒಂದು ಉಸಿರಿನಲ್ಲಿ ಹಾಸಿಗೆಯಿಂದ ಕುರ್ಚಿಗೆ. ಇಳಿಸಿದ ಮೇಲೂ ನನ್ನ ಉಸಿರು ನೆಟ್ಟಗಿತ್ತು. ಅತ್ತೆ ದೃಷ್ಟಿಯಾಗದಿರಲಿ ಅಂತ ನನ್ನ ಮುಖ ಸವರಿ ನೆಟಿಕೆ ಮುರಿದರು.

"ಹಲಗೆ ಹಾಕಿ ಅಂದಿದ್ನಲ್ಲ" ಅಂದಳು.

"ಇನ್ಯಾಕೆ ಹಲಗೆ? ನಾನಿದ್ದೀನಲ್ಲ."

ಆಮೇಲೆ ದಿನವೆಲ್ಲ ನಾನೇ. ಕುರ್ಚಿಗೆ, ಬಚ್ಚಲಿಗೆ, ಮತ್ತೆ ಹಾಸಿಗೆಗೆ. ಅವಳು ಕೇಳುವ ಮೊದಲೇ ಹೋಗಿ ನಿಂತಿರುತ್ತೇನೆ. ಆ ಹಲಗೆಯನ್ನು ಅತ್ತೆ ನೀರಿನ ಡ್ರಮ್ಮಿಗೆ ಮುಚ್ಚಳ ಮಾಡಿಕೊಂಡಿದ್ದಾರೆ, ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿದೆ.

ಏಪ್ರಿಲ್ ೧೪, ಭಾನುವಾರ

ಅಂಗಡಿಗೆ ರಜೆ. ಮನೆಯವರ ಬಟ್ಟೆ ರಿಪೇರಿ. ನನ್ನ ಅಂಗಿಗಳ ತೋಳು ಬಿಗಿಯಾಗಿ, ಒಂದರ ಹೊಲಿಗೆ ಕಂಕುಳಲ್ಲಿ ಬಿಟ್ಟುಕೊಂಡಿತ್ತು. ಎಲ್ಲದರ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಂಡೆ. ಸೊಂಟ ಮಾತ್ರ ಒಳಕ್ಕೆ ಹಿಡಿಯಬೇಕಾಯಿತು, ಇಷ್ಟು ವರ್ಷದಲ್ಲಿ ಮೊದಲ ಸಲ. ಅವಳ ಅಂಗಿಗಳು ತೋಳಲ್ಲಿ ಜೋಲುತ್ತಿದ್ದವು. ಈ ಬಟ್ಟೆ ಒಗೆದ ಹಾಗೆಲ್ಲ ಹಿಗ್ಗುತ್ತೆ. ಅವನ್ನೂ ಒಳಕ್ಕೆ ಹಿಡಿದು ಹೊಲಿದುಕೊಟ್ಟೆ, ಚೆನ್ನಾಗಿ ಕೂತವು.

ಅವಳು ಅಂಗಿ ಹಾಕಿಕೊಂಡು ತೋಳನ್ನೇ ಬಹಳ ಹೊತ್ತು ನೋಡಿಕೊಂಡಳು. ಹೊಲಿಗೆ ಇಷ್ಟವಾಯಿತು ಅಂತ ಕಾಣುತ್ತದೆ.

ಈಗ ಸ್ಟೂಲ್ ಮೇಲೆ ಹತ್ತಿ, ಗಲ್ಲ ಪೈಪಿನ ಮೇಲಿಟ್ಟು, ನಿಧಾನವಾಗಿ ಕೆಳಗಿಳಿಯೋ ಪಾಠ. ಹತ್ತೋದಕ್ಕಿಂತ ಇಳಿಯೋದರಲ್ಲೇ ಶಕ್ತಿ ಬರುತ್ತಂತೆ. "ಬೀಳಬೇಡಿ, ಇಳೀರಿ, ಇಳೀರಿ" ಅಂತ ಮಲಗಿಕೊಂಡೇ ಹೇಳುತ್ತಿದ್ದಳು. ಮೊದಲೆಲ್ಲ ಕೂತು ಹೇಳುತ್ತಿದ್ದಳು. ದನಿಯೂ ಅಷ್ಟಕ್ಕಷ್ಟೇ.

ಏಪ್ರಿಲ್ ೨೩, ಮಂಗಳವಾರ

ಫಿಸಿಯೋ ಹುಡುಗಿ ಊರಿನಲ್ಲಿ ಇರಲಿಲ್ಲವಂತೆ, ಇವತ್ತು ಬಂದಳು. ಹಲಗೆ ಎಲ್ಲಿ ಅಂತ ಕೇಳಿದ್ದಕ್ಕೆ ಅತ್ತೆ ಡ್ರಮ್ ತೋರಿಸಿದರು. ಯಾರು ಎತ್ತೋದು ಅಂದಳು. "ನಮ್ಮ ಅಳಿಯಂದಿರೇ. ಒಂದು ಸಲಾನೂ ಬೇರೆಯವರನ್ನು ಕರೆಯಲ್ಲ" ಅಂದರು ಅತ್ತೆ, ಎದೆಯುಬ್ಬಿಸಿ. ನಾನು ಹೊಗಳಿಕೆ ಬರುತ್ತೆ ಅಂತ ನಿಂತಿದ್ದೆ.

"ಸರ್, ಸ್ವಲ್ಪ ಆಚೆ ಇರಿ" ಅಂತ ಬಾಗಿಲು ಹಾಕಿಕೊಂಡಳು.

ಒಳಗೆ ಇವಳು ನರಳೋದು ಕೇಳಿಸುತ್ತಿತ್ತು. "ಇನ್ನೊಂದ್ಸಲ. ಇನ್ನೊಂದ್ಸಲ" ಅನ್ನುತ್ತಿದ್ದಳು ಆ ಹುಡುಗಿ, ಕರುಣೆಯೇ ಇಲ್ಲದವಳ ಹಾಗೆ. ಏನೋ ದೊಪ್ಪನೆ ಬಿತ್ತು. ಬಾಗಿಲು ತೆಗೆದು ಒಳಗೆ ನುಗ್ಗಿದೆ. ಬಿದ್ದದ್ದು ದಿಂಬು. ಇವಳು ಹಾಸಿಗೆ ಅಂಚಿನಲ್ಲಿ ಕೈ ಊರಿ ಕೂತಿದ್ದಳು, ನನ್ನನ್ನು ನೋಡಿದ ತಕ್ಷಣ ಕೈ ಸಡಿಲ ಬಿಟ್ಟು ಹಿಂದಕ್ಕೆ ಒರಗಿದಳು.

ಹುಡುಗಿ ಬ್ಯಾಗು ತೆಗೆದುಕೊಂಡು ಹೊರಟಳು. ಬಾಗಿಲ ಹತ್ತಿರ ನಿಂತು, "ನಿಮ್ಮ ಪ್ರೀತಿ ನನಗೆ ಅರ್ಥವಾಗುತ್ತೆ ಸರ್, ಆದರೆ ದಿನ ಜಾಸ್ತಿ ಉಳಿದಿಲ್ಲ" ಅಂದಳು. ಅದು ನನಗೆ ಗೊತ್ತಿಲ್ಲವೇ? ಹೆಡ್‌ಮಿಸ್ ಬರೋ ದಿನ ಹತ್ತಿರ ಬಂತು ಅಂತ ನನಗೆ ಊಟ ಸೇರುತ್ತಿಲ್ಲ. ಇವಳು ನೋಡಿದರೆ ಕೈ ಊರೋದನ್ನೇ ಬಿಟ್ಟಿದ್ದಾಳೆ.

ಮೇ ೨, ಗುರುವಾರ

ಮಾಡು ಅಂದೆ. ಮಾಡಲಿಲ್ಲ.

ಬೇಡಿಕೊಂಡೆ, ರೇಗಿದೆ, ಮತ್ತೆ ಬೇಡಿಕೊಂಡೆ. ಹಲಗೆ ತೊಳೆದು, ಒರೆಸಿ ಹಾಕಿಕೊಟ್ಟೆ. ಪಕ್ಕದಲ್ಲೇ ಕೈ ಚಾಚಿಕೊಂಡು ನಿಂತೆ, ಎಲ್ಲಿ ಜಾರಿದರೂ ಹಿಡಿಯೋ ಹಾಗೆ. ಅವಳು ನನ್ನ ಕೈ ನೋಡಿದಳು.

"ನೀವು ಅಂಗಡಿಗೆ ಹೋಗಿ ಬನ್ನಿ. ನೀವು ಬರೋದರಲ್ಲಿ ಮಾಡಿರ್ತೀನಿ."

ಹೇಗೆ ಹೋಗಲಿ? ಬಿದ್ದರೆ? ಅತ್ತೆ ಕೈಯಲ್ಲಿ ಎತ್ತೋಕಾಗುತ್ತಾ? ಶಾಲೆ ಶುರುವಾಗೋವರೆಗೂ ಅಂಗಡಿ ಅರ್ಧ ದಿನ ಮಾತ್ರ ತೆಗೆಯೋದು ಅಂತ ತೀರ್ಮಾನ ಮಾಡಿಬಿಟ್ಟೆ. ನಿನಗೋಸ್ಕರವೇ ಅಂದೆ. ಅವಳು ಗೋಡೆ ಕಡೆ ತಿರುಗಿ ಮಲಗಿದಳು.

ನನಗೆ ಏನು ಮಾಡಬೇಕೋ ತೋಚುತ್ತಿಲ್ಲ. ಬಟ್ಟೆಯಾಗಿದ್ದರೆ ಎಲ್ಲಿ ಎಳೆಯುತ್ತಿದೆ, ಎಲ್ಲಿ ಕತ್ತರಿ ಹಾಕಬೇಕು ಅಂತ ಮುಟ್ಟಿದ ಕೂಡಲೇ ಗೊತ್ತಾಗುತ್ತಿತ್ತು. ಇವಳು ಎಲ್ಲಿ ಎಳೆಯುತ್ತಿದ್ದಾಳೆ ಅಂತಲೇ ತಿಳಿಯುತ್ತಿಲ್ಲ. ಓಣಿಗೆ ಹೋಗಿ ಬಾರ್ ಹಿಡಿದು ಸುಮ್ಮನೆ ನೇತುಬಿದ್ದಿದ್ದೆ. ಅಲ್ಲಿ ಮಾತ್ರ ಒಂದಿಷ್ಟು ನೆಮ್ಮದಿ.

ಮೇ ೯, ಗುರುವಾರ

ಆಯಿತು. ಗಲ್ಲ ಪೈಪಿನ ಮೇಲೆ.

ಬೆಳಗ್ಗೆ ಮುಖ ತೊಳೆದುಕೊಂಡು ಬರುವಾಗ ಹಾಗೇ ಹಿಡಿದು ಎಳೆದೆ. ಮೊಣಕೈ ಮಡಚಿ ಯಾವಾಗಲೂ ನಿಲ್ಲುವ ಜಾಗ ಬಂತು. "ಕತ್ತು ಚಾಚಬೇಡಿ. ಎದೆ ಮೇಲೆ ತನ್ನಿ, ಎದೆ" ಅಂತ ಒಳಗಿನಿಂದ ದನಿ ಕೇಳಿತು. ಎಷ್ಟು ದಿನದ ಮೇಲೆ ಆ ಗತ್ತು. ಎಳೆದೆ. ಪೈಪು ಕಣ್ಣಿಗೆ ಬಂತು, ಮೂಗಿಗೆ ಬಂತು, ಗಲ್ಲದ ಕೆಳಗೆ ಹೋಯಿತು. ಓಣಿಯ ಅಟ್ಟದ ಮೇಲೆ ಏನೇನಿದೆ ಅಂತೆಲ್ಲ ಕಾಣಿಸಿತು, ಕಳೆದುಹೋದ ನನ್ನ ಛತ್ರಿಯೂ ಇತ್ತು.

ಇಳಿದು ನೋಡಿದರೆ ಅವಳು ಚಪ್ಪಾಳೆ ತಟ್ಟುತ್ತಿದ್ದಾಳೆ. "ಭೇಷ್" ಅಂದಳು. ಶಾಲೆ ಮಕ್ಕಳಿಗೆ ಅನ್ನುವ ಹಾಗೆ, ಮನಸ್ಸಿನಿಂದಲೇ ಅಂದಳು. ಹೋಗಿ ಅವಳನ್ನು ಎತ್ತಿ ಕುರ್ಚಿಯಲ್ಲಿ ಕೂರಿಸಿ ಒಂದು ಸುತ್ತು ತಿರುಗಿಸಿದೆ. ಆಮೇಲೆ, "ಸ್ವಲ್ಪ ಹೊತ್ತು ಬಾಗಿಲು ಹಾಕ್ಕೊಂಡು ಆಚೆ ಇರ್ತೀರಾ?" ಅಂದಳು. ಬಾಗಿಲ ಹಿಂದಿನಿಂದ ಬಿಕ್ಕೋ ಸದ್ದು ಬಂತು.

ಸಂತೋಷಕ್ಕೇ ಇರಬೇಕು. ಅವಳು ತಯಾರು ಮಾಡಿದವನಲ್ಲವೇ ನಾನು.

ಮೇ ೧೭, ಶುಕ್ರವಾರ

ಹೆಡ್‌ಮಿಸ್ ಬಂದು ಹೋದರು. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಗ್ಗೆಯೇ ನನ್ನ ಹತ್ತಿರ, "ಅವರು ಬಂದಾಗ ನೀವು ಅಂಗಡಿಯಲ್ಲಿರಿ" ಅಂದಿದ್ದಳು. ಇಂಥ ದಿನ ಬಿಟ್ಟು ಹೋಗೋಕಾಗುತ್ತಾ? ಮೂಲೆಯಲ್ಲಿ ನಿಂತಿರುತ್ತೇನೆ, ಉಸಿರೂ ಬಿಡಲ್ಲ ಅಂದೆ.

ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಕೂತಿದ್ದಳು. ಹಲಗೆ ಹಾಕಿತ್ತು. ಹೆಡ್‌ಮಿಸ್ ಎದುರಿನ ಕುರ್ಚಿಯಲ್ಲಿ ಕೂತು ಮಕ್ಕಳ ಸುದ್ದಿ ಎಲ್ಲ ಹೇಳಿ, "ಅವಸರ ಇಲ್ಲ, ನಿಧಾನವಾಗಿ ತೋರಿಸಿ" ಅಂದರು. ಕೈ ಊರಿದಳು. ಮೈ ಏಳಲಿಲ್ಲ. ಇನ್ನೊಂದು ಸಲ ಊರಿದಳು. ಎದ್ದಿತು, ಸ್ವಲ್ಪವೇ. ಹಲಗೆ ಮೇಲೆ ಬಂದಳು. ಒಂದಿಷ್ಟು ಜರುಗಿ ನಿಂತಳು. ಮತ್ತೆ ಜರುಗಿದಳು. ತೋಳು ನಡುಗುತ್ತಿತ್ತು. ಹಣೆಯಿಂದ ಬೆವರು ಮೂಗಿನ ತುದಿಗೆ ಬಂದು ತೊಟ್ಟಿಕ್ಕಿತು. ಒರೆಸಿಕೊಳ್ಳೋಕೆ ಕೈ ಖಾಲಿ ಇಲ್ಲ. ಅರ್ಧ ದಾಟಿದ್ದಳು. ಅಲ್ಲಿ ನಿಂತುಬಿಟ್ಟಳು. ಅತ್ತೆ ಅಯ್ಯೋ ಅಂದರು.

ನಾನು ಯೋಚನೆ ಮಾಡಲಿಲ್ಲ. ನನ್ನ ಕೈ ಹೋಯಿತು. ಕಂಕುಳ ಕೆಳಗೆ ಹಾಕಿ, ಮಂಡಿ ಬಗ್ಗಿಸಿ, ಬೆನ್ನು ನೆಟ್ಟಗೆ ಇಟ್ಟು, ಒಂದೇ ಉಸಿರಿನಲ್ಲಿ ಎತ್ತಿ ಕುರ್ಚಿಯಲ್ಲಿ ಕೂರಿಸಿದೆ. ನಾನು ಎತ್ತಿದವುಗಳಲ್ಲೇ ಚೆನ್ನಾಗಿ ಎತ್ತಿದ್ದು ಅದು.

ಹೆಡ್‌ಮಿಸ್ ಕಣ್ಣಲ್ಲಿ ನೀರು. "ಎಷ್ಟು ಚೆನ್ನಾಗಿ ನೋಡಿಕೊಳ್ತೀರಿ" ಅಂದರು. ಇವಳ ಕೈ ಹಿಡಿದುಕೊಂಡು, "ಇನ್ನು ಯಾವ ಯೋಚನೆಯೂ ಬೇಡ. ಆರಾಮಾಗಿ ಮನೆಯಲ್ಲಿರಿ" ಅಂದರು. ನಾನು ಹಲ್ಲು ಕಿರಿದುಕೊಂಡು ಗೇಟಿನವರೆಗೂ ಹೋದೆ. ಅಲ್ಲಿ ಅವರು ದನಿ ತಗ್ಗಿಸಿ, ಹೊಸ ಟೀಚರೊಬ್ಬಳನ್ನು ನೋಡಿಟ್ಟಿದ್ದೇವೆ, ನಾಳೆಯೇ ಬರಹೇಳ್ತೀನಿ ಅಂದರು. "ನಿಮ್ಮಂಥವರು ಮನೆಯಲ್ಲಿರುವಾಗ ಅವರಿಗೇನು ಕೊರತೆ?"

ಆಗಲೂ ನನಗೆ ಪೂರ್ತಿ ಹೊಳೆಯಲಿಲ್ಲ. ಒಳಗೆ ಬಂದೆ. ಅವಳು ಕುರ್ಚಿಯನ್ನು ಗೋಡೆಗೆ ತಿರುಗಿಸಿಕೊಂಡಿದ್ದಳು. ಹಾಸಿಗೆಗೆ ಮಲಗಿಸಲಾ ಅಂದೆ.

"ಮುಟ್ಟಬೇಡಿ" ಅಂದಳು.

ಮೇ ೧೮, ಶನಿವಾರ

ನಿನ್ನೆ ರಾತ್ರಿ ಅತ್ತೆ ಬಂದು ಹೇಗೋ ಒಪ್ಪಿಸಿ, ಇಬ್ಬರೂ ಸೇರಿ ಹಾಸಿಗೆಗೆ ಹಾಕಿದೆವು. ಮಾತಿಲ್ಲ, ಊಟವಿಲ್ಲ. ನನ್ನದೂ ಅಷ್ಟೇ.

ಮೇ ೨೦, ಸೋಮವಾರ

ಇವತ್ತು ಮಾತಾಡಿದಳು. ಕೂಗಾಡಿದ್ದರೆ ಚೆನ್ನಾಗಿತ್ತು.

"ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟಿದ್ದರೆ ದಾಟಿರ್ತಿದ್ದೆ."

"ಬಿದ್ದಿದ್ದರೆ?"

"ಬೀಳ್ತಿದ್ದೆ. ಅಲ್ಲಿಂದ ಎದ್ದು ತೋರಿಸ್ತಿದ್ದೆ. ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದು ಅದನ್ನೇ ಅಲ್ವಾ?" ಹೊದಿಕೆ ಸರಿ ಮಾಡಿಕೊಂಡು ಹೇಳಿದಳು: "ನಿಮ್ಮ ಕಾಲು ಹಿಡಿದು ತಳ್ತೀನಿ ಅಂತ ಅಮ್ಮ ಬಂದಾಗ ಬೇಡ ಅಂದೆ. ಯಾಕೆ ಅಂದೆ ಅಂತ ಒಂದು ದಿನವಾದರೂ ಯೋಚನೆ ಮಾಡಿದ್ರಾ?"

ನಾನು ಮಾಡಿರಲಿಲ್ಲ. ಕಟುಕಿ ಅಂತ ಬೈದುಕೊಂಡಿದ್ದೆ.

ನಿನ್ನ ಮೇಲಿನ ಪ್ರೀತಿಗೆ ಮಾಡಿದೆ ಅಂದೆ. ಗೊತ್ತು ಅಂದಳು. ಅದಕ್ಕೇ ಬೈಯೋಕೂ ಆಗ್ತಿಲ್ಲ, ನಿಮ್ಮನ್ನು ಬೈದರೆ ಅಮ್ಮ ನನಗೇ ಬೈತಾಳೆ ಅಂದಳು. ನನಗೆ ತಡೆಯಲಾಗಲಿಲ್ಲ. ಗಂಡಸು ಅಂತ ನೋಡಲಿಲ್ಲ, ಹಾಸಿಗೆ ಪಕ್ಕ ಕೂತು ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ. ನೀರು ಕುಡಿಯಿರಿ ಅಂದಳು.

ಶಾಲೆಗೆ ಫೋನ್ ಮಾಡಿದೆ. ತಪ್ಪು ನನ್ನದು, ಇನ್ನೊಂದು ಸಲ ಬಂದು ನೋಡಿ ಅಂದೆ. ಹೊಸಬಳಿಗೆ ಮಾತು ಕೊಟ್ಟಾಗಿದೆ, ಬೇಜಾರು ಮಾಡ್ಕೋಬೇಡಿ ಅಂದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಕೂ ನನಗೆ ಮುಖವಿಲ್ಲ.

ಮೇ ೨೬, ಭಾನುವಾರ

ಇದನ್ನು ಅವಳ ಎದುರಿಗೇ ಕೂತು ಬರೆಯುತ್ತಿದ್ದೇನೆ.

ಬೆಳಗ್ಗೆ ಅತ್ತೆಯನ್ನು ಮಾರ್ಕೆಟ್ಟಿಗೆ ಕಳಿಸಿದಳು. ನನಗೆ ಬಾಗಿಲ ಹತ್ತಿರದ ಸ್ಟೂಲು ತೋರಿಸಿ, ಕೈಗೆ ಏನಾದರೂ ಕೆಲಸ ಕೊಟ್ಟುಕೊಳ್ಳಿ ಅಂದಳು. ಹೊಲಿಗೆ ತಂದೆ, ಸೂಜಿಗೆ ದಾರ ಪೋಣಿಸೋಕಾಗಲಿಲ್ಲ. ಅದಕ್ಕೆ ಪೆನ್ನು.

ಅಂಗಡಿಗೆ ಹೋಗಿಬಿಡ್ತೀನಿ, ನೀನು ಮಾಡಿಕೋ ಅಂದೆ. ಬೇಡ, ಈಗ ಇಲ್ಲೇ ಇರಬೇಕು ಅಂದಳು. ನೋಡಿಕೊಂಡು ಸುಮ್ಮನಿರೋದು ಕಲಿಯದಿದ್ದರೆ ನೀವು ಇವತ್ತಲ್ಲ ನಾಳೆ ಮತ್ತೆ ಎತ್ತುತ್ತೀರಿ ಅಂದಳು.

"ಕೆಲಸ ಹೋಯ್ತಲ್ಲ. ಇನ್ನು ಯಾರಿಗೆ ತೋರಿಸೋಕೆ?" ಅಂದೆ.

"ನಿಮಗೆ."

ಕೈ ಊರಿದಳು. ಮೈ ಏಳಲಿಲ್ಲ. ಸುಧಾರಿಸಿಕೊಂಡಳು. ಮತ್ತೆ ಊರಿದಳು. ಹಲಗೆ ಮೇಲೆ ಬಂದಳು. ಎಷ್ಟು ಹೊತ್ತು ಅಲ್ಲೇ ಇದ್ದಳೋ, ಹಾಲಿನವನು ಬಂದು ಬಾಗಿಲು ಬಡಿದು ಹೋದ, ನಾನು ಏಳಲಿಲ್ಲ. ಆಮೇಲೆ ಒಂದು ಕೈ ಜಾರಿತು. ಹಲಗೆ ಮಗುಚಿತು. ಅವಳು ನೆಲಕ್ಕೆ ಬಿದ್ದಳು.

ನಾನು ಎದ್ದು ನಿಂತಿದ್ದೆ. ಪೆನ್ನು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಕೂತ್ಕೊಳ್ಳಿ" ಅಂದಳು.

ಕೂತೆ. ಪೆನ್ನು ಹುಡುಕಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ. ಬಾರಿನಲ್ಲಿ ನೇತುಬೀಳೋದು ಇದಕ್ಕಿಂತ ಸುಲಭವಿತ್ತು. ಅವಳು ಗೋಡೆಗೆ ಒರಗಿ ಕೂತು ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಸರಿ ಮಾಡಿಕೊಂಡಳು. ತೆವಳಿಕೊಂಡು ಮೂಲೆಯಲ್ಲಿದ್ದ ಗಿಡ್ಡ ಕಾಲುಮಣೆಯ ಹತ್ತಿರ ಹೋದಳು. ಅದನ್ನು ಹಾಸಿಗೆ ಪಕ್ಕಕ್ಕೆ ಎಳೆದುಕೊಂಡಳು. ನೆಲದಿಂದ ಮಣೆಗೆ, ಮಣೆಯಿಂದ ಹಾಸಿಗೆಗೆ, ಅದು ಅವಳ ಲೆಕ್ಕ ಇರಬೇಕು. ಮಣೆ ಮೇಲೆ ಒಂದು ಕೈ, ಮಂಚದ ಅಂಚಿನಲ್ಲಿ ಒಂದು ಕೈ. ಎಳೆಯುತ್ತಿದ್ದಾಳೆ. ತೋಳು ಎಷ್ಟು ಸಣ್ಣಗಾಗಿದೆ. ಇದು ನನಗೆ ಯಾಕೆ ಕಾಣಲಿಲ್ಲ?

ಸೊಂಟ ಮಣೆಯ ಅಂಚಿಗೆ ಬಂತು. ಬಂತು. ಇಲ್ಲ, ಜಾರಿತು.

"ಏನು ಬರೀತಿದ್ದೀರಿ?" ಅಂತ ಕೇಳಿದಳು, ಉಸಿರು ಬಿಡುತ್ತಾ.

"ನೀನು ಮಾಡ್ತಿರೋದನ್ನೇ."

"ಬರೀರಿ. ನಿಲ್ಲಿಸಬೇಡಿ."

ಮತ್ತೆ ಹಿಡಿದಳು. ಎರಡು ಹೆಜ್ಜೆ ಇಟ್ಟರೆ ಅವಳ ಹತ್ತಿರ ಇರುತ್ತೇನೆ. ಒಂದು ಕೈ ಹಾಕಿದರೆ ಮುಗಿಯುತ್ತದೆ. ಅಷ್ಟು ಸುಲಭ. ಮತ್ತೆ ಸೊಂಟ ಎದ್ದಿತು, ಮಣೆಗೆ ತಗುಲಿತು, ಮತ್ತೆ ಜಾರಿದಳು. ಮೊಣಕೈ ನೆಲಕ್ಕೆ ಬಡಿದ ಸದ್ದು ಕೇಳಿಸಿತು. ಎದ್ದೆ. ಅವಳು ತಲೆ ಎತ್ತಿ ನೋಡಿದಳು. ಕೂತೆ.

ಮತ್ತೆ ಕೈ ಊರಿದ್ದಾಳೆ.